ಲೈನ್ ಮನೆಯವರಿಗೂ ಜಾಗವಿರುವ ಸಭೆ: ಕೊಡಗಿನಲ್ಲಿ ಸೇವಾ ತರಬೇತಿ ನಡೆಸುವ ಬಗೆ

ಕೊಡಗಿನ ಒಂದೇ ಕ್ರೈಸ್ತ ಸಭೆಯಲ್ಲಿ ಕನ್ನಡ, ಮಲಯಾಳಂ, ತಮಿಳು, ತುಳು ಎಲ್ಲವೂ ಕೇಳಿಸುತ್ತವೆ. ಈಚೆಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದ ಕ್ರೈಸ್ತ ಕುಟುಂಬಗಳೂ ಸೇರುತ್ತಿವೆ. ಆದರೂ ಮುಂದಿನ ಬೆಂಚು, ಮೈಕು, ಕಾಣಿಕೆಯ ಲೆಕ್ಕ ಕೆಲವೇ ಮನೆಗಳವರ ಕೈಯಲ್ಲಿ ಉಳಿದುಬಿಡುವುದುಂಟು. ಸಭೆಯ ಸೇವೆಗೆ ಜನರನ್ನು ಸಿದ್ಧಪಡಿಸುವ ತರಬೇತಿ ಮುಟ್ಟಬೇಕಾದದ್ದು ಇದನ್ನೇ.

ಮೊದಲು ಕಾಲ ನೋಡಿ. ನವೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಜೂನ್‌ನಿಂದ ಮಳೆ. ಈಸ್ಟರ್ ಕಳೆದ ಮೇಲೆ ಮೇ ಕೊನೆಯವರೆಗಿನ ವಾರಗಳೇ ಅನುಕೂಲ. ವಾರಕ್ಕೊಂದು ಸಂಜೆ, ಎರಡು ಗಂಟೆ, ಆರು ವಾರ ಸಾಕು. ಮೂರು ದಿನದ ಶಿಬಿರ ಇಟ್ಟರೆ ದಿನಗೂಲಿಯವರು ಬರಲಾರರು. ಬಂದವರು ಮೂರು ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಭಾನುವಾರವೇ ಊರಿನ ಸಂತೆಯಾದರೆ ಆ ದಿನವನ್ನೂ ಬಿಡಿ.

ಹನ್ನೆರಡರಿಂದ ಹದಿನೈದು ಮಂದಿಯನ್ನು ಆರಿಸಿ. ಅರ್ಧದಷ್ಟು ಹೆಂಗಸರಿರಲಿ, ಮೂರನೇ ಒಂದು ಪಾಲು ಲೈನ್ ಮನೆಗಳಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಿಂದ, ಬರಲಿ. ಓದುಬರಹ ಬಾರದವರನ್ನು ಕೈಬಿಡಬೇಡಿ. ಪಾಠವನ್ನು ಬಾಯಿಮಾತಿನಲ್ಲಿ, ಚಿತ್ರದಲ್ಲಿ ನಡೆಸಬಹುದು.

ಮೊದಲ ವಾರ ದೊಡ್ಡ ಹಾಳೆಯ ಮೇಲೆ ಸಭೆಯ ನಕ್ಷೆ ಬರೆಯಿಸಿ: ಯಾವ ಲೈನಿನಲ್ಲಿ ಯಾರಿದ್ದಾರೆ, ಮನೆಮಾತು ಯಾವುದು, ಆರಾಧನೆಗೆ ಬರುವುದು ಬಿಟ್ಟವರು ಯಾರು. ಬಿಟ್ಟವರನ್ನು ಮನೆಗೆ ಹೋಗಿ ಕಾಣುವುದೇ ಆ ವಾರ ಮಾಡಿ ಬರಬೇಕಾದ ಕೆಲಸ. ಸಮಜಾಯಿಷಿ ಕೊಡದೆ ಕೇಳಿಸಿಕೊಂಡು ಬರಬೇಕು.

ಎರಡನೆಯ ವಾರ ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಓದಿ. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಆಹಾರದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂತು. ಆಗ ಹಂಚಿಕೆ ನೋಡಿಕೊಳ್ಳಲು ಆರಿಸಿದ ಏಳೂ ಜನರದು ಗ್ರೀಕ್ ಹೆಸರುಗಳೇ. ದೂರಿದವರ ಕಡೆಗೇ ಹಂಚಿಕೆಯ ಹೊಣೆ ಹೋಯಿತು ಎಂದು ಓದಲು ಇಲ್ಲಿ ಧಾರಾಳ ಅವಕಾಶವಿದೆ. ನಿಮ್ಮಲ್ಲಿ ಕಾಣಿಕೆ ಎಣಿಸುವವರು, ಊಟ ಬಡಿಸುವವರು, ಬೈಬಲ್ ವಾಕ್ಯ ಓದುವವರು ಯಾರೆಂದು ಪಟ್ಟಿ ಮಾಡಿ, ಅದೇ ಸಂಜೆ ಎರಡು ಹೊಣೆ ಕೈಬದಲಾಗಲಿ. ಮುಂದಿನ ತಿಂಗಳಿಗೆ ಎಂದು ಎತ್ತಿಟ್ಟರೆ ಅಲ್ಲಿಗೇ ನಿಲ್ಲುತ್ತದೆ.

ಉಳಿದ ವಾರಗಳಲ್ಲಿ ಜಾತಿಯ ಮಾತನ್ನು ತಪ್ಪಿಸಬೇಡಿ. ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿನ ಆನಂದಪುರದಲ್ಲಿ ಕಟ್ಟಿದ ಸಭೆ ಜೀತದಲ್ಲಿ ನೊಂದ ದಲಿತರದ್ದು. ಆ ಚರಿತ್ರೆಯಿಂದ ಶುರುಮಾಡಿದರೆ ಮಾತು ಸಲೀಸಾಗುತ್ತದೆ. ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ) ಯಾರು ಕೊನೆಗೆ ಬರುತ್ತಾರೆ, ಊಟಕ್ಕೆ ಯಾರು ಬೇರೆ ಕೂರುತ್ತಾರೆ ಎಂದು ನೇರವಾಗಿ ಕೇಳಿ.

ಭಾಷೆಗೆ ಸುಲಭದ ದಾರಿ: ವಾಕ್ಯವನ್ನು ಎರಡನೆಯ ಭಾಷೆಯಲ್ಲೂ ಓದಿಸಿ, ಒಂದು ಹಾಡನ್ನು ಆ ಭಾಷೆಯಲ್ಲೇ ಹಾಡಿಸಿ. ಇಡೀ ಪ್ರಸಂಗವನ್ನು, ಅಂದರೆ ಬೋಧನೆಯನ್ನು, ಅನುವಾದಿಸಲು ಹೋದರೆ ಆರಾಧನೆ ಇಮ್ಮಡಿ ಉದ್ದವಾಗಿ ಎಲ್ಲರೂ ದಣಿಯುತ್ತಾರೆ.

ಗಾಲಿಕುರ್ಚಿಯವರಿಗೆ ಇಳಿಜಾರು ಕಟ್ಟುವಾಗ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ನುಣುಪು ಟೈಲ್ಸ್ ಹಾಕಿದರೆ ಮಳೆಗಾಲದಲ್ಲಿ ಜಾರುತ್ತದೆ; ಒರಟು ಸಿಮೆಂಟೇ ವಾಸಿ, ಜೊತೆಗೆ ಹಿಡಿದುಕೊಳ್ಳಲು ಕಂಬಿ.

ಮಕ್ಕಳ ಸುರಕ್ಷತೆಗೆ ಒಂದು ಸಂಜೆ ಪೂರ್ತಿ ಕೊಡಿ. ಸಂಡೇ ಸ್ಕೂಲಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು, ಬಾಗಿಲು ತೆರೆದಿರಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸಭೆಯೊಳಗೇ ರಾಜಿ ಮಾಡಿಸುವುದು ಮಗುವಿಗೆ ಮಾಡುವ ಎರಡನೆಯ ದ್ರೋಹ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲಿರಲಿ.

ನೆರವಿನ ನಿಧಿಗೆ ಇಬ್ಬರ ಸಹಿ, ಪ್ರತಿ ತಿಂಗಳು ಲೆಕ್ಕ ಓದುವುದು, ಎರಡು ವರ್ಷಕ್ಕೊಮ್ಮೆ ಖಜಾಂಚಿಯ ಬದಲಾವಣೆ. ಮಳೆ, ಭೂಕುಸಿತದ ಹೊತ್ತಿನಲ್ಲಿ ಅಕ್ಕಿ ಹಂಚುವಾಗ ಧರ್ಮ ಕೇಳಬಾರದು, ಪ್ರಾರ್ಥನೆಗೆ ಬನ್ನಿ ಎಂಬ ಕರಾರೂ ಇರಬಾರದು.

ಆರು ತಿಂಗಳ ಮೇಲೆ ಅದೇ ನಕ್ಷೆಯನ್ನು ಹರಡಿ, ಬಿಟ್ಟುಹೋದವರಲ್ಲಿ ಯಾರು ಹಿಂತಿರುಗಿದ್ದಾರೆ, ಹೊಣೆ ಹೊತ್ತ ಹೊಸಬರು ಯಾರು ಎಂದು ಗುರುತಿಸಿ.