ಲಿನಕ್ಸ್ ಕರ್ನೆಲ್‌ಗೆ ಮೊದಲ ಪ್ಯಾಚ್ ಕಳುಹಿಸುವ ವಿದ್ಯಾರ್ಥಿಗಳಿಗೆ

ಮುಕ್ತ ಆಕರದ ಆಪರೇಟಿಂಗ್ ಸಿಸ್ಟಂಗೆ ಕೊಡುಗೆ ನೀಡಬೇಕೆಂದಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಲಿನಕ್ಸ್ ಕರ್ನೆಲ್, ಅಂದರೆ ಆ ವ್ಯವಸ್ಥೆಯ ತಿರುಳು, ಕೈಗೆಟುಕದ ಎತ್ತರದಲ್ಲಿದೆ ಎನಿಸುವುದುಂಟು. ಸಿ ಭಾಷೆಯ ಪಾಯಿಂಟರ್ ಮತ್ತು ಸ್ಟ್ರಕ್ಚರ್‌ಗಳು ಚೆನ್ನಾಗಿ ತಿಳಿದಿದ್ದು, ಇನ್ನೊಬ್ಬರು ಬರೆದ ಕೋಡನ್ನು ತಾಳ್ಮೆಯಿಂದ ಓದುವ ಅಭ್ಯಾಸವಿದ್ದರೆ ಎರಡನೆಯ ವರ್ಷದ ವಿದ್ಯಾರ್ಥಿಯೂ ಕೆಲಸ ಆರಂಭಿಸಬಹುದು. ಕೋಡ್ ತಿದ್ದುವುದಕ್ಕಿಂತಲೂ, ಆ ತಿದ್ದುಪಡಿ ಏಕೆ ಬೇಕು ಎಂಬುದನ್ನು ಅಪರಿಚಿತರೊಬ್ಬರಿಗೆ ಮನವರಿಕೆಯಾಗುವಂತೆ ಬರೆಯುವುದು ಕಷ್ಟದ ಕೆಲಸ. ಮೊದಲ ಪ್ಯಾಚ್‌ನಿಂದ, ಅಂದರೆ ಹೀಗೆ ಕಳುಹಿಸುವ ಮೊದಲ ತಿದ್ದುಪಡಿಯಿಂದ, ಮುಖ್ಯವಾಗಿ ಕಲಿಯಬೇಕಾದದ್ದೂ ಅದನ್ನೇ.

ಮೊದಲು, ಕೋಡಿನ ಬದಲಾವಣೆಗಳ ಇತಿಹಾಸವನ್ನು ಕಾಪಿಡುವ ಗಿಟ್ ಎಂಬ ಸಾಧನದ ಮೂಲಕ ಕರ್ನೆಲ್‌ನ ಆಕರವನ್ನು ಇಳಿಸಿಕೊಳ್ಳಿ. ಇಂಟರ್ನೆಟ್ ನಿಧಾನವಿದೆಯೆಂದು ಇತಿಹಾಸವನ್ನು ಕತ್ತರಿಸಿದ ಪ್ರತಿಯನ್ನು ಇಳಿಸಿಕೊಳ್ಳುವ ಮನಸ್ಸಾಗಬಹುದು; ಹಾಗೆ ಮಾಡಬೇಡಿ. ಒಂದು ಸಾಲು ಯಾವಾಗ, ಯಾರಿಂದ, ಯಾವ ಕಾರಣಕ್ಕೆ ಬಂತು ಎಂಬುದನ್ನು ಗಿಟ್ ಬ್ಲೇಮ್ ಮತ್ತು ಗಿಟ್ ಲಾಗ್ ಹೇಳುವುದು ಆ ಇತಿಹಾಸದ ಬಲದಿಂದ, ಮತ್ತು ಹತ್ತು ಲಕ್ಷಕ್ಕೂ ಮೀರಿದ ಆ ಕಮಿಟ್ (ದಾಖಲಾದ ಬದಲಾವಣೆ) ಟಿಪ್ಪಣಿಗಳಷ್ಟು ಒಳ್ಳೆಯ ಪಠ್ಯ ಹೊಸಬರಿಗೆ ಬೇರೆಲ್ಲೂ ಸಿಗುವುದಿಲ್ಲ. ಕಂಪೈಲ್ ಮಾಡುವಾಗ ಮೇಕ್ ಲೋಕಲ್‌ಮಾಡ್‌ಕಾನ್ಫಿಗ್ ಬಳಸಿದರೆ ನಿಮ್ಮ ಯಂತ್ರದಲ್ಲಿ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳು ಮಾತ್ರ ಸೇರುವುದರಿಂದ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಕೆಲಸ ಬೇಗ ಮುಗಿಯುತ್ತದೆ. ತಿದ್ದಿದ ಕರ್ನೆಲ್ಲನ್ನು ಕ್ಯೂಎಮು ಎಂಬ ವರ್ಚುವಲ್ ಯಂತ್ರದೊಳಗೆ ಬೂಟ್ ಮಾಡಿ ನೋಡಿ. ಅಲ್ಲಿ ಅದು ಕುಸಿದರೂ ನಿಮ್ಮ ಕಡತಗಳಿಗೆ ಅಪಾಯವಿಲ್ಲ.

ಯಾವ ಕೆಲಸ ಆರಿಸಿಕೊಳ್ಳಬೇಕು? ಡ್ರೈವರ್ಸ್ ಡೈರೆಕ್ಟರಿಯ ಒಳಗಿರುವ ಸ್ಟೇಜಿಂಗ್ ಎಂಬಲ್ಲಿ, ಇನ್ನೂ ಕರ್ನೆಲ್‌ನ ಗುಣಮಟ್ಟಕ್ಕೆ ಬಾರದ ಡ್ರೈವರ್‌ಗಳಿವೆ. ಹಲವು ಡ್ರೈವರ್‌ಗಳ ಜೊತೆಗೆ ಬಾಕಿ ಕೆಲಸಗಳನ್ನು ಪಟ್ಟಿ ಮಾಡಿದ ಟುಡು ಕಡತವೂ ಇರುತ್ತದೆ. ಚೆಕ್‌ಪ್ಯಾಚ್ ಸ್ಕ್ರಿಪ್ಟ್ ತೋರಿಸುವ ಶೈಲಿದೋಷವೊಂದನ್ನು ಇಲ್ಲಿ ಸರಿಪಡಿಸಿ ಕಳುಹಿಸುವುದು ಕ್ರಮ ಕಲಿಯಲು ಒಳ್ಳೆಯ ದಾರಿ. ಆದರೆ ಒಂದೆರಡು ಪ್ಯಾಚ್‌ಗಳಾದ ಮೇಲೂ ಖಾಲಿ ಜಾಗಗಳನ್ನೇ ತಿದ್ದುತ್ತ ಕೂರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಂಪೈಲರ್ ಎಚ್ಚರಿಕೆಗಳು, ದಾಖಲೆಗಳಲ್ಲಿನ ತಪ್ಪುಗಳು, ಕರ್ನೆಲ್‌ನೊಂದಿಗೇ ಬರುವ ಕೆಸೆಲ್ಫ್‌ಟೆಸ್ಟ್ ಪರೀಕ್ಷೆಗಳು, ಸಿಜ್‌ಬಾಟ್ ಯಂತ್ರ ತಾನಾಗಿ ಪತ್ತೆಹಚ್ಚಿ ಪ್ರಕಟಿಸುವ ದೋಷಗಳು, ಇವುಗಳ ಕಡೆಗೆ ಬೇಗ ಹೊರಳಿ.

ಒಂದು ಪ್ಯಾಚ್‌ನಲ್ಲಿ ಒಂದೇ ಬದಲಾವಣೆ ಇರಲಿ. ಕಮಿಟ್ ಟಿಪ್ಪಣಿಯ ತಲೆಬರಹ ಉಪವ್ಯವಸ್ಥೆಯ ಹೆಸರಿನಿಂದ ಆರಂಭವಾಗಬೇಕು. ಅದೇ ಕಡತದ ಹಳೆಯ ಕಮಿಟ್‌ಗಳನ್ನು ನೋಡಿದರೆ ಅಲ್ಲಿನ ರೂಢಿ ತಿಳಿಯುತ್ತದೆ. ಒಡಲಿನಲ್ಲಿ, ಈಗ ಏನು ತಪ್ಪಾಗುತ್ತಿದೆ, ಅದರಿಂದ ಬಳಕೆದಾರರಿಗೆ ಏನಾಗುತ್ತದೆ, ಈ ತಿದ್ದುಪಡಿ ಅದನ್ನು ಹೇಗೆ ನಿವಾರಿಸುತ್ತದೆ ಎಂಬುದನ್ನು 75 ಅಕ್ಷರ ಮೀರದ ಸಾಲುಗಳಲ್ಲಿ ಬರೆಯಿರಿ. "ಚೆಕ್‌ಪ್ಯಾಚ್ ದೋಷ ಸರಿಪಡಿಸಲಾಗಿದೆ" ಎಂದಷ್ಟೇ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಹಳೆಯ ಕಮಿಟ್ ಒಂದರಿಂದ ಹುಟ್ಟಿದ ದೋಷವಾದರೆ, ಫಿಕ್ಸಸ್ ಎಂಬ ಸಾಲಿನಲ್ಲಿ ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳನ್ನೂ ಅದರ ತಲೆಬರಹವನ್ನೂ ಕೊಡಿ. ಕೊನೆಯಲ್ಲಿ ಬರುವ ಸೈನ್ಡ್-ಆಫ್-ಬೈ ಸಾಲು ಶಿಷ್ಟಾಚಾರಕ್ಕೆ ಹಾಕುವ ಸಹಿಯೆಂದು ತಿಳಿಯಬೇಡಿ. ಈ ಕೋಡನ್ನು ಕರ್ನೆಲ್‌ನ ಪರವಾನಗಿಯಡಿ ಕೊಡುವ ಹಕ್ಕು ನನಗಿದೆ ಎಂಬ ಘೋಷಣೆ ಅದು. 2004ರಿಂದ ಈ ಪದ್ಧತಿ ಜಾರಿಯಲ್ಲಿದೆ. ಬೇರೆಡೆಯಿಂದ ನಕಲು ಮಾಡಿದ, ಅಥವಾ ನಿಮಗೇ ವಿವರಿಸಲಾಗದ ಕೋಡಿನ ಕೆಳಗೆ ಅದನ್ನು ಹಾಕಕೂಡದು.

ಕರ್ನೆಲ್‌ನ ಪ್ಯಾಚ್‌ಗಳು ಇಂದಿಗೂ ಇಮೇಲ್‌ನಲ್ಲೇ ಸಾಗುತ್ತವೆ. ಯಾರಿಗೆ ಕಳುಹಿಸಬೇಕೆಂಬುದನ್ನು ಗೆಟ್-ಮೇಂಟೇನರ್ ಸ್ಕ್ರಿಪ್ಟ್ ತಿಳಿಸುತ್ತದೆ. ಜಿಮೇಲ್‌ನ ವೆಬ್ ಪುಟದಲ್ಲಿ ಪ್ಯಾಚನ್ನು ಅಂಟಿಸಿದರೆ ಟ್ಯಾಬ್‌ಗಳು ಖಾಲಿ ಜಾಗಗಳಾಗಿ ಮಾರ್ಪಟ್ಟು ಪ್ಯಾಚ್ ಕೆಡುವುದರಿಂದ ಗಿಟ್ ಸೆಂಡ್-ಇಮೇಲ್ ಬಳಸಿ. ಮೊದಲು ನಿಮಗೆ ನೀವೇ ಕಳುಹಿಸಿಕೊಂಡು, ಬಂದ ಪತ್ರವನ್ನು ಗಿಟ್ ಎಎಂ ಮೂಲಕ ಶುದ್ಧ ಪ್ರತಿಗೆ ಹಚ್ಚಿ ನೋಡಿ. ಅಲ್ಲಿ ಅದು ಸರಿಯಾಗಿ ಕೂತರೆ ಮುಂದಕ್ಕೆ ಕಳುಹಿಸಿ.

ಇನ್ನು ಕಾಯಬೇಕು. ಹೊಸ ಆವೃತ್ತಿ ಬಿಡುಗಡೆಯಾದ ನಂತರದ ಎರಡು ವಾರ, ಹೊಸ ಬದಲಾವಣೆಗಳನ್ನು ಮುಖ್ಯ ಕರ್ನೆಲ್‌ಗೆ ಸೇರಿಸಿಕೊಳ್ಳುವ ಮರ್ಜ್ ವಿಂಡೋ ಇರುತ್ತದೆ. ಆ ಅವಧಿಯಲ್ಲಿ, ಕರ್ನೆಲ್‌ನ ಆಯಾ ಭಾಗದ ಹೊಣೆ ಹೊತ್ತ ಮೇಂಟೇನರ್‌ಗಳು ಬಿಡುವಿಲ್ಲದೆ ಕೆಲಸದಲ್ಲಿರುತ್ತಾರೆ. ಉಳಿದ ಸಮಯದಲ್ಲೂ ಕನಿಷ್ಠ ಒಂದು ವಾರ ಕಳೆಯುವವರೆಗೆ ನೆನಪಿಸಬೇಡಿ. ಉತ್ತರ ಬಂದಾಗ, ಅವರ ಪ್ರತಿ ಪ್ರಶ್ನೆಯ ಕೆಳಗೇ ನಿಮ್ಮ ಉತ್ತರ ಬರೆಯಿರಿ. ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿರುವ "ಗೌರವಾನ್ವಿತ ಸರ್" ಎಂಬ ಒಕ್ಕಣೆ ಅಲ್ಲಿ ಬೇಕಿಲ್ಲ. ಹೆಸರು ಹಿಡಿದು ಬರೆದರೆ ಯಾರೂ ಅಗೌರವವೆಂದು ಭಾವಿಸುವುದಿಲ್ಲ. ಟೀಕೆ ಒರಟಾಗಿ ಕಂಡರೂ ಅದು ಕೋಡನ್ನು ಕುರಿತದ್ದೆಂದು ತಿಳಿದು ಉತ್ತರಿಸಿ, ನಿಮಗೆ ಒಪ್ಪಿಗೆಯಾಗದಿದ್ದಲ್ಲಿ ಕಾರಣ ಸಹಿತ ಹಾಗೆಂದೇ ಹೇಳಿ. ತಿದ್ದಿದ ಪ್ಯಾಚನ್ನು ವಿ2 ಎಂಬ ಗುರುತಿನೊಂದಿಗೆ ಕಳುಹಿಸುವಾಗ, ಹಿಂದಿನದಕ್ಕಿಂತ ಏನು ಬದಲಾಗಿದೆ ಎಂಬುದನ್ನು ಮೂರು ಅಡ್ಡಗೆರೆಗಳ ಕೆಳಗೆ ಬರೆಯಿರಿ; ಅದು ಗಿಟ್ ಇತಿಹಾಸಕ್ಕೆ ಸೇರದೆ ಪರಿಶೀಲಕರಿಗಷ್ಟೇ ಕಾಣುತ್ತದೆ.

ಮಾರ್ಗದರ್ಶಕರೊಬ್ಬರ ಜೊತೆ ಕಲಿಯಬಯಸುವವರು ಲಿನಕ್ಸ್ ಫೌಂಡೇಶನ್‌ನ ಕರ್ನೆಲ್ ಮೆಂಟರ್‌ಶಿಪ್ ಕಾರ್ಯಕ್ರಮಕ್ಕೆ ಅರ್ಜಿ ಹಾಕಬಹುದು. ಕಾಯುವ ದಿನಗಳಲ್ಲಿ ಇತರರ ಪ್ಯಾಚ್‌ಗಳನ್ನು ನಿಮ್ಮ ಯಂತ್ರದಲ್ಲಿ ಪರೀಕ್ಷಿಸಿ, ಯಾವ ಹಾರ್ಡ್‌ವೇರ್‌ನಲ್ಲಿ ಹೇಗೆ ಪರೀಕ್ಷಿಸಿದಿರಿ ಎಂಬ ವಿವರದೊಂದಿಗೆ ಟೆಸ್ಟೆಡ್-ಬೈ ಸಾಲನ್ನು ಕಳುಹಿಸಿ. ಮೇಂಟೇನರ್ ಬಳಿ ಇಲ್ಲದ ಹಳೆಯ ಲ್ಯಾಪ್‌ಟಾಪ್ ನಿಮ್ಮ ಬಳಿಯಿದ್ದರೆ, ಆ ಒಂದು ಸಾಲು ಅವರಿಗೆ ನಿಜಕ್ಕೂ ಬೇಕಾದ ಸಹಾಯ.