ಚಳಿಗಾಲದಲ್ಲಿ ಅಪ್ಪ ಅಮ್ಮನಿಗೆ ಟೊರಾಂಟೊದ ಪಾತ್ ತೋರಿಸುವುದು ಹೇಗೆ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಹೊರಗೆ ಹಿಮ. ಸುಮ್ನೆ ಮನೆಯಲ್ಲಿ ಕೂರಿಸಬೇಡಿ. ಯೂನಿಯನ್ ಸ್ಟೇಷನ್‌ಗೆ ಕರೆದುಕೊಂಡು ಬನ್ನಿ. ಸುತ್ತಲಿನ ಊರುಗಳಿಂದ ಬರುವ ಗೋ ರೈಲು, ಸಬ್‌ವೇ, ವಿಮಾನ ನಿಲ್ದಾಣದ ರೈಲು ಎಲ್ಲ ಸೇರುವ ಜಾಗ ಅದು. ಅಲ್ಲೇ ಪಾತ್‌ಗೂ ದಾರಿ ಇದೆ. ಪಾತ್ ಅಂದರೆ ಪೇಟೆಯ ಕಟ್ಟಡಗಳನ್ನು ನೆಲದಡಿಯಲ್ಲೇ ಸೇರಿಸುವ ನಡಿಗೆ ದಾರಿ. 30 ಕಿಲೋಮೀಟರಿಗೂ ಜಾಸ್ತಿ ಉದ್ದ, ದಾರಿಯುದ್ದಕ್ಕೂ ಅಂಗಡಿ. ಟಿಕೆಟ್ ಬೇಡ.

ವಾರದ ದಿನವೇ ಬನ್ನಿ. ಶನಿವಾರ, ಭಾನುವಾರ ಎಷ್ಟೋ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಹತ್ತೂವರೆ ಒಳ್ಳೇ ಹೊತ್ತು. ಹನ್ನೆರಡಾದರೆ ಆಫೀಸಿನವರೆಲ್ಲ ಊಟಕ್ಕೆ ಇಳಿಯುತ್ತಾರೆ, ವಯಸ್ಸಾದವರಿಗೆ ಆ ನೂಕುನುಗ್ಗಲು ಕಷ್ಟ.

ಸ್ಟೇಷನ್‌ನಲ್ಲೇ ದಪ್ಪ ಜಾಕೆಟ್ ಬಿಚ್ಚಿಸಿ. ಒಳಗೆ ಬೆಚ್ಚಗಿರುತ್ತದೆ. ನಮ್ಮಮ್ಮ ಸೀರೆ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್ ಹಾಕಿಕೊಂಡೇ ನಡೆದು ಬೆವರಿ, ತಲೆ ಸುತ್ತುತ್ತಿದೆ ಅಂತ ಕೂತುಬಿಟ್ಟಿದ್ದರು. ಈಗ ಜಾಕೆಟ್ ತುಂಬಲು ಚೀಲ, ಕುಡಿಯಲು ನೀರು ಮರೆಯುವುದಿಲ್ಲ.

ಫೋನಿನ ಮ್ಯಾಪ್ ನೆಚ್ಚಬೇಡಿ. ಈ ದೇಶಕ್ಕೆ ಬಂದ ಮೊದಲ ಚಳಿಗಾಲ ಅದನ್ನೇ ನೆಚ್ಚಿ ಒಂದು ಇಂಟರ್‌ವ್ಯೂಗೆ ತಡವಾಗಿ ಹೋದೆ. ಇಲ್ಲಿ ದಾರಿ ನೇರ ಇಲ್ಲ. 1900ರಲ್ಲಿ ಈಟನ್ ಕಂಪನಿ ತನ್ನ ಅಂಗಡಿಗಳ ನಡುವೆ ಸುರಂಗ ಮಾಡಿಸಿತು. ಆಮೇಲೆ ಒಂದೊಂದೇ ಕಟ್ಟಡ ಸೇರಿಕೊಳ್ಳುತ್ತಾ ಬಂತು. ಒಂದೊಂದಕ್ಕೂ ಬೇರೆ ಮಾಲೀಕರು. ಕಾಲಡಿಯ ಕಲ್ಲು, ತಲೆ ಮೇಲಿನ ದೀಪ ಬದಲಾಯಿತು ಅಂದರೆ ಪಕ್ಕದ ಕಟ್ಟಡಕ್ಕೆ ಬಂದಿರಿ ಅಂತ ತಿಳಿಯಿರಿ.

ಬೋರ್ಡಿನ ಬಣ್ಣ ನೋಡಿ. PATH ಅನ್ನುವ ಹೆಸರಿನ ನಾಲ್ಕು ಅಕ್ಷರಕ್ಕೂ ಒಂದೊಂದು ಬಣ್ಣ, ಒಂದೊಂದು ದಿಕ್ಕು. ಕೆಂಪು ಪಿ ದಕ್ಷಿಣ, ಕಿತ್ತಳೆ ಎ ಪಶ್ಚಿಮ, ನೀಲಿ ಟಿ ಉತ್ತರ, ಹಳದಿ ಎಚ್ ಪೂರ್ವ. ಜೊತೆಗೆ ಮುಂದಿನ ಕಟ್ಟಡದ ಹೆಸರು ಇರುತ್ತದೆ. ಅದೊಂದನ್ನೇ ಹಿಡಿದು ಹೋಗಿ, ಪೂರ್ತಿ ದಾರಿ ತಲೆಯಲ್ಲಿ ಇಟ್ಟುಕೊಳ್ಳಬೇಡಿ.

ಮೊದಲ ಸಲಕ್ಕೆ ನನ್ನ ದಾರಿ ಇದು: ಯೂನಿಯನ್‌ನಿಂದ ರಾಯಲ್ ಬ್ಯಾಂಕ್ ಪ್ಲಾಜಾ, ಟಿಡಿ ಸೆಂಟರ್, ಫಸ್ಟ್ ಕೆನೇಡಿಯನ್ ಪ್ಲೇಸ್, ರಿಚ್‌ಮಂಡ್-ಅಡಿಲೇಡ್, ಶೆರಟನ್, ಸಿಟಿ ಹಾಲ್. ನಡುವೆ ಅಲ್ಲಲ್ಲಿ ಮೆಟ್ಟಿಲು ಬರುತ್ತವೆ. ಮಂಡಿನೋವು ಇದ್ದರೆ ಸೆಕ್ಯುರಿಟಿಯವರನ್ನು ಲಿಫ್ಟ್ ಎಲ್ಲಿ ಅಂತ ಕೇಳಿ, ಸಂಕೋಚ ಬೇಡ. ಸುಸ್ತಾದರೆ ಫುಡ್ ಕೋರ್ಟ್‌ನಲ್ಲಿ ಕೂತು ಒಂದು ಟೀ ಕುಡಿಯಿರಿ.

ಸಿಟಿ ಹಾಲ್‌ನಲ್ಲಿ ಜಾಕೆಟ್ ಹಾಕಿಸಿ ಮೇಲೆ ಕರೆದುಕೊಂಡು ಹೋಗಿ. ಅದರ ಮುಂದಿನ ಚೌಕದ ಕೊಳ ಚಳಿಗಾಲದಲ್ಲಿ ಸ್ಕೇಟಿಂಗ್ ಅಂಗಳ ಆಗಿರುತ್ತದೆ. ಅಪ್ಪ ಅಲ್ಲಿ ಕಟಕಟೆ ಹಿಡಿದು ನಿಂತು, ಪುಟ್ಟ ಹುಡುಗಿಯೊಬ್ಬಳು ಬಿದ್ದು ಏಳುವಾಗೆಲ್ಲ ಚಪ್ಪಾಳೆ ತಟ್ಟಿದರು. ಕೈ ಮರಗಟ್ಟುವ ಮೊದಲು ಕೆಳಗೆ ಇಳಿಯಿರಿ. ವಾಪಸ್ ಯೂನಿಯನ್‌ಗೆ ಕೆಂಪು ಪಿ.