ಹಳೆಯ ಆನಿಮೇಷನ್ ಚಿತ್ರಗಳನ್ನು ಡಿಜಿಟಲ್ ಗ್ರಂಥಾಲಯಗಳಿಂದ ಕಾನೂನುಬದ್ಧವಾಗಿ ಪಡೆಯುವ ಬಗೆ

ಹುಡುಕಾಟಕ್ಕೆ ಕೂರುವ ಮೊದಲು, ಚಿತ್ರ ತಮಗೆ ಯಾವುದಕ್ಕೆ ಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಸುಮ್ಮನೆ ನೋಡುವುದಕ್ಕೆ, ತರಗತಿಯಲ್ಲಿ ತೋರಿಸುವುದಕ್ಕೆ, ತುಣುಕು ಕತ್ತರಿಸಿ ತಮ್ಮದೇ ವಿಡಿಯೊದಲ್ಲಿ ಸೇರಿಸಿ ಪ್ರಕಟಿಸುವುದಕ್ಕೆ ಬೇಕಾಗುವ ಹಕ್ಕುಗಳು ಒಂದೇ ಅಲ್ಲ. ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ತಾಣದಲ್ಲಿ ಸೊಗಸಾದ ಆನಿಮೇಷನ್ ಚಿತ್ರಗಳು ಉಚಿತವಾಗಿ ನೋಡಲು ಸಿಗುತ್ತವೆ. ಹಾಗೆಂದು ಅವುಗಳ ದೃಶ್ಯಗಳನ್ನು ಕತ್ತರಿಸಿ ಬಳಸಲು ಅನುಮತಿ ಸಿಕ್ಕಿತೆಂದು ಅರ್ಥವಲ್ಲ. ಈ ಒಂದು ವ್ಯತ್ಯಾಸವನ್ನು ಮರೆತವರೇ ಹೆಚ್ಚಾಗಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಮರುಬಳಕೆಯೇ ಉದ್ದೇಶವಾಗಿದ್ದರೆ ಮೊದಲ ಕೆಲಸ ಲೆಕ್ಕ ಹಾಕುವುದು. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು, ಅದು ಪ್ರಕಟವಾದ ಮುಂದಿನ ಕ್ಯಾಲೆಂಡರ್ ವರ್ಷದ ಆರಂಭದಿಂದ 60 ವರ್ಷ ಉಳಿಯುತ್ತದೆ. ಸರ್ಕಾರಿ ಸಂಸ್ಥೆ ತಯಾರಿಸಿದ ಚಿತ್ರಕ್ಕೂ ಅಷ್ಟೇ ಅವಧಿ. ಫಿಲ್ಮ್ಸ್ ಡಿವಿಷನ್ 1957ರಲ್ಲಿ ಜಾತಕ ಕಥೆಯೊಂದನ್ನು ಆಧರಿಸಿ ತಯಾರಿಸಿದ ‘ದಿ ಬನಿಯನ್ ಡೀರ್’ ಚಿತ್ರದ ಅವಧಿ ಈ ಲೆಕ್ಕದಲ್ಲಿ 2017ರ ಕೊನೆಗೆ ಮುಗಿದಿದೆ. ಅದೇ ಸಂಸ್ಥೆಯ 1974ರ ‘ಏಕ್ ಅನೇಕ್ ಔರ್ ಏಕತಾ’ ಎಲ್ಲರ ನೆನಪಿನಲ್ಲಿದ್ದರೂ 2034ರ ಕೊನೆಯವರೆಗೆ ಎಲ್ಲರ ಸ್ವತ್ತಾಗುವುದಿಲ್ಲ. ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ ಪ್ರಕಟಣೆಯ ವರ್ಷದಿಂದ 95 ವರ್ಷ. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ 2024ರ ಜನವರಿ 1ರಂದು ಪಬ್ಲಿಕ್ ಡೊಮೈನಿಗೆ, ಅಂದರೆ ಹಕ್ಕಿನ ಅವಧಿ ಮುಗಿದು ಎಲ್ಲರ ಸ್ವತ್ತಾದ ಕೃತಿಗಳ ಸಾಲಿಗೆ, ಬಂದದ್ದು ಈ ಲೆಕ್ಕದಿಂದಲೇ. ಆಗಲೂ ಹಕ್ಕಿನಿಂದ ಬಿಡುಗಡೆಯಾದದ್ದು ಆ ಚಿತ್ರದಲ್ಲಿ ಕಾಣುವ ಮಿಕ್ಕಿ ಮೌಸ್ ಮಾತ್ರ. ಮುಂದಿನ ವರ್ಷಗಳಲ್ಲಿ ಆ ಇಲಿ ಪಡೆದ ಹೊಸ ರೂಪಗಳ ಹಕ್ಕಾಗಲಿ, ಡಿಸ್ನಿ ಕಂಪನಿಯ ಟ್ರೇಡ್‌ಮಾರ್ಕ್ ಆಗಲಿ ಅದರಿಂದ ಸಡಿಲವಾಗಿಲ್ಲ.

ಒಂದು ದೇಶದ ಲೆಕ್ಕ ಇನ್ನೊಂದು ದೇಶಕ್ಕೆ ಹೊಂದುವುದಿಲ್ಲ. ಜರ್ಮನಿಯ ನಿರ್ದೇಶಕಿ ಲೊಟ್ಟೆ ರೈನಿಗರ್ ಕಪ್ಪು ಕಾಗದವನ್ನು ಕತ್ತರಿಸಿ ನೆರಳಿನಾಕೃತಿಗಳಲ್ಲಿ ರೂಪಿಸಿದ, ನಮ್ಮ ತೊಗಲುಗೊಂಬೆಯಾಟ ಬಲ್ಲವರಿಗೆ ಕೂಡಲೇ ಆಪ್ತವಾಗುವ ‘ಪ್ರಿನ್ಸ್ ಅಖ್ಮದ್’ 1926ರ ಚಿತ್ರ. ಅಮೆರಿಕದಲ್ಲಿ ಅದು 2022ರಿಂದ ಮುಕ್ತವಾಗಿದೆ. ಜರ್ಮನಿಯಲ್ಲಾದರೋ ಹಕ್ಕು ನಿರ್ದೇಶಕರೇ ಮೊದಲಾದ ಕರ್ತೃಗಳ ಮರಣದ ನಂತರ 70 ವರ್ಷ ಇರುತ್ತದೆ. ರೈನಿಗರ್ ತೀರಿಕೊಂಡದ್ದು 1981ರಲ್ಲಾದ್ದರಿಂದ ಅಲ್ಲಿ 2051 ಮುಗಿಯುವವರೆಗೆ ಕಾಯಬೇಕು. ಅಂತರ್ಜಾಲಕ್ಕೆ ಏರಿಸಿದ ವಿಡಿಯೊ ಎಲ್ಲ ದೇಶಗಳಲ್ಲೂ ಕಾಣುವುದರಿಂದ, ಚಿತ್ರ ಹುಟ್ಟಿದ ದೇಶದ ಅವಧಿಯನ್ನೂ ನೋಡಿಕೊಳ್ಳುವುದು ಕ್ಷೇಮ.

ಹೊಸಬರು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಆರಂಭಿಸುವುದು ಸೂಕ್ತವೆಂಬುದು ನನ್ನ ಅಭಿಪ್ರಾಯ. ಅಲ್ಲಿನ ‘ಒರಿಜಿನ್ಸ್ ಆಫ್ ಅಮೆರಿಕನ್ ಆನಿಮೇಷನ್’ ಸಂಗ್ರಹದಲ್ಲಿ 1900ರಿಂದ 1921ರವರೆಗಿನ 21 ಚಿತ್ರಗಳೂ 2 ತುಣುಕುಗಳೂ ಇವೆ. ಪ್ರತಿ ಚಿತ್ರದ ಪುಟದಲ್ಲಿ ಮೂಲ ಪ್ರತಿಯ ವಿವರದೊಂದಿಗೆ ಹಕ್ಕಿನ ಟಿಪ್ಪಣಿಗೆ ದಾರಿ ಇರುತ್ತದೆ. ಜಪಾನಿನ ರಾಷ್ಟ್ರೀಯ ಚಲನಚಿತ್ರ ಭಂಡಾರದವರು, ಆ ದೇಶದ ಆನಿಮೇಷನ್ನಿಗೆ ನೂರು ತುಂಬಿದ 2017ರಲ್ಲಿ ತೆರೆದ ತಾಣದಲ್ಲಿ 1917ರ ‘ನಮಕುರಾ ಗತನ’ ಮೊದಲಾದ ಹಳೆಯ ಚಿತ್ರಗಳನ್ನು ನೋಡಬಹುದು.

ಎಲ್ಲಕ್ಕಿಂತ ದೊಡ್ಡ ರಾಶಿ ಇರುವುದು ಇಂಟರ್‌ನೆಟ್ ಆರ್ಕೈವ್‌ನಲ್ಲಿ. ಅಲ್ಲಿಯೇ ಹೆಚ್ಚು ಎಚ್ಚರವೂ ಬೇಕು, ಏಕೆಂದರೆ ಖಾತೆ ತೆರೆದ ಯಾರು ಬೇಕಾದರೂ ಅಲ್ಲಿ ಕಡತ ಏರಿಸಬಹುದು. ಚಿತ್ರದ ಪುಟ ತೆರೆದ ಕೂಡಲೇ ಡೌನ್‌ಲೋಡ್ ಗುಂಡಿಗೆ ಕೈ ಹಾಕದೆ, ಪರದೆಯ ಕೆಳಗಿರುವ ವಿವರಗಳವರೆಗೆ ಇಳಿದು, ‘ಯೂಸೇಜ್’ ಎಂಬ ಸಾಲಿನಲ್ಲಿ ಪಬ್ಲಿಕ್ ಡೊಮೈನ್ ಅಥವಾ ಕ್ರಿಯೇಟಿವ್ ಕಾಮನ್ಸ್ (ಹಕ್ಕುದಾರರೇ ಮುಂಚಿತವಾಗಿ ಕೊಟ್ಟ ಬಳಕೆಯ ಪರವಾನಗಿ) ಗುರುತು ಇದೆಯೇ, ಏರಿಸಿದವರು ಸಂಸ್ಥೆಯೋ ಅಪರಿಚಿತ ಬಳಕೆದಾರರೋ ಎಂಬುದನ್ನು ನೋಡಬೇಕು. ಗುರುತು ಹಾಕಿದವರು ಏರಿಸಿದವರೇ ಆಗಿರುವುದರಿಂದ ಅದನ್ನು ಸುಳಿವೆಂದು ಇಟ್ಟುಕೊಳ್ಳಬಹುದೇ ಹೊರತು ಪುರಾವೆಯೆಂದಲ್ಲ. ಆಮೇಲೆ ಚಿತ್ರದ ಶೀರ್ಷಿಕೆ ಫಲಕ ಬರುವಲ್ಲಿ ನಿಲ್ಲಿಸಿ, ಕೆಳಗಿನ ಸಣ್ಣ ಅಕ್ಷರಗಳನ್ನು ಓದಬೇಕು. ವರ್ಷ ಬಹುಮಟ್ಟಿಗೆ ರೋಮನ್ ಅಂಕಿಯಲ್ಲಿರುತ್ತದೆ: ಎಂ, ಸಿ, ಎಂ, ಎಕ್ಸ್, ಎಲ್, ಐ ಎಂದಿದ್ದರೆ ಅದು 1941. ಪುಟದಲ್ಲಿ ಬರೆದ ವರ್ಷಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಫಲಕವನ್ನೇ ನಂಬಿ.

1941ರ ಚಿತ್ರಕ್ಕೆ 95 ವರ್ಷ ಇನ್ನೂ ತುಂಬಿಲ್ಲವಲ್ಲ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. 1963ರವರೆಗೆ ಅಮೆರಿಕದಲ್ಲಿ ಪ್ರಕಟವಾದ ಚಿತ್ರಗಳ ಹಕ್ಕನ್ನು 28ನೆಯ ವರ್ಷದಲ್ಲಿ ನವೀಕರಿಸಬೇಕಿತ್ತು; ನವೀಕರಿಸದಿದ್ದರೆ ಅಲ್ಲಿಗೆ ಮುಗಿಯಿತು. ಫ್ಲೈಷರ್ ಸ್ಟುಡಿಯೊ ಆರಂಭಿಸಿದ, 1941ರಿಂದ 1943ರ ನಡುವೆ ಬಂದ 17 ಸೂಪರ್‌ಮ್ಯಾನ್ ಕಿರುಚಿತ್ರಗಳು ಹೀಗೆಯೇ ಅಲ್ಲಿ ಪಬ್ಲಿಕ್ ಡೊಮೈನಿಗೆ ಬಂದವು. ಸೂಪರ್‌ಮ್ಯಾನ್ ಪಾತ್ರದ ಹಕ್ಕು ಬೇರೆ, ಅದು ಉಳಿದಿದೆ. ಆ ಚಿತ್ರವನ್ನು ತೋರಿಸಬಹುದು, ಆ ಪಾತ್ರವನ್ನಿಟ್ಟು ಹೊಸ ಕಥೆ ಕಟ್ಟುವಂತಿಲ್ಲ. ನವೀಕರಣವಾಗಿದೆಯೇ ಎಂದು ತಿಳಿಯಲು ಅಮೆರಿಕದ ಕೃತಿಸ್ವಾಮ್ಯ ಕಚೇರಿಯ ವಾರ್ಷಿಕ ಪಟ್ಟಿಗಳ ಸ್ಕ್ಯಾನ್ ಪ್ರತಿಗಳನ್ನು ನೋಡಬೇಕು. 1941ರ ಚಿತ್ರಕ್ಕೆ 1968 ಮತ್ತು 1969ರ ಚಲನಚಿತ್ರ ಸಂಪುಟಗಳು. ಬೇಸರ ತರಿಸುವ ಕೆಲಸವೇ ಸರಿ, ಆದರೆ ಒಂದು ಚಿತ್ರಕ್ಕೆ ಒಮ್ಮೆ ಮಾಡಿದರೆ ಸಾಕು.

ಚಿತ್ರ ಮುಕ್ತವಾಗಿದ್ದರೂ ಸಂಗೀತ ಮುಕ್ತವಾಗಿರಬೇಕೆಂದಿಲ್ಲ. ಹಿಂದೊಮ್ಮೆ ಮಕ್ಕಳ ಕಾರ್ಯಾಗಾರಕ್ಕಾಗಿ ನಾನು 1910ರ ದಶಕದ ಮೂಕಿಯೊಂದನ್ನು ಇಳಿಸಿಕೊಂಡು, ಮಕ್ಕಳು ಬರೆದ ಚಿತ್ರಗಳ ನಡುವೆ ಜೋಡಿಸಿ ಪ್ರಕಟಿಸಿದ ಮರುದಿನವೇ ಹಕ್ಕಿನ ತಕರಾರು ಬಂತು. ತಕರಾರಿದ್ದದ್ದು ಹಿನ್ನೆಲೆಯ ಪಿಯಾನೊ ಮೇಲೆ; ಮೂಕಿಗೆ ಯಾರೋ ಇತ್ತೀಚೆಗೆ ನುಡಿಸಿ ಸೇರಿಸಿದ್ದರು. ಅಂದಿನಿಂದ ಮೂಕಿ ಚಿತ್ರ ಇಳಿಸಿಕೊಂಡ ತಕ್ಷಣ ಧ್ವನಿಯ ಪಟ್ಟಿಯನ್ನು ಅಳಿಸಿಬಿಡುವುದು ನನ್ನ ರೂಢಿ. ರಾಮಾಯಣದ ಸೀತೆಯನ್ನು ಕುರಿತ ‘ಸೀತಾ ಸಿಂಗ್ಸ್ ದ ಬ್ಲೂಸ್’ ಚಿತ್ರ ಮಾಡಿದ ನೀನಾ ಪ್ಯಾಲಿ ಅವರೂ, ಅದರಲ್ಲಿ ಬಳಸಿದ 1920ರ ದಶಕದ ಹಾಡುಗಳ ರಚನೆಯ ಹಕ್ಕಿಗಾಗಿ ಹಣ ತೆರಬೇಕಾಯಿತು. 2013ರಲ್ಲಿ ಅವರು ಚಿತ್ರದ ಮೇಲಿನ ತಮ್ಮ ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರು.

ಹಳೆಯದೇ ಬೇಕೆಂಬ ಹಟವಿಲ್ಲದವರಿಗೆ ಆನಿಮೇಷನ್ ತಯಾರಿಸುವ ಉಚಿತ ತಂತ್ರಾಂಶವಾದ ಬ್ಲೆಂಡರ್‌ನ ಪ್ರತಿಷ್ಠಾನದ ಮುಕ್ತ ಚಿತ್ರಗಳಿವೆ. 2008ರ ‘ಬಿಗ್ ಬಕ್ ಬನ್ನಿ’ಯ ಚಿತ್ರದೊಂದಿಗೆ ಅದರ ಪಾತ್ರಗಳ ಮೂರು ಆಯಾಮದ ಮಾದರಿ ಕಡತಗಳೂ ದೊರೆಯುತ್ತವೆ, ತಯಾರಕರ ಹೆಸರು ಹೇಳಿದರೆ ಸಾಕು, ಬದಲಿಸಿ ಬಳಸಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿಯನ್ನು ನಾನು ಕಂಡಿಲ್ಲ.

ಶಾಲೆಯಲ್ಲಿ ತೋರಿಸುವ ಅಧ್ಯಾಪಕರಿಗೆ ನಮ್ಮ ಕಾಯ್ದೆಯ 52ನೆಯ ಕಲಂ ರಿಯಾಯಿತಿ ಕೊಟ್ಟಿದೆ: ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿದ್ದರೆ, ಶೈಕ್ಷಣಿಕ ಚಟುವಟಿಕೆಯ ಭಾಗವಾಗಿ ಚಿತ್ರ ಪ್ರದರ್ಶಿಸಬಹುದು. ಊರಿನವರನ್ನೆಲ್ಲ ಕರೆದು ಟಿಕೆಟ್ ಇಟ್ಟರೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಇಳಿಸಿಕೊಂಡ ಕಡತದ ಪಕ್ಕದಲ್ಲೇ ಅದೇ ಹೆಸರಿನ ಒಂದು ಸಣ್ಣ ಪಠ್ಯ ಕಡತವನ್ನೂ ಇಡಿ. ಚಿತ್ರದ ಹೆಸರು, ಫಲಕದಲ್ಲಿ ಕಂಡ ವರ್ಷ, ಪುಟದ ವಿಳಾಸ, ಇಳಿಸಿಕೊಂಡ ದಿನಾಂಕ, ಅಂದು ಅಲ್ಲಿದ್ದ ಹಕ್ಕಿನ ಟಿಪ್ಪಣಿಯ ನಕಲು, ಧ್ವನಿ ಅಳಿಸಿದ್ದರೆ ಆ ಮಾತು, ಇಷ್ಟು ಅದರಲ್ಲಿರಲಿ. ಪುಟ ನಾಳೆ ಕಾಣೆಯಾದರೂ, ತಕರಾರು ಬಂದ ದಿನ ಉತ್ತರಕ್ಕೆ ಲಗತ್ತಿಸಲು ಆ ಕಡತ ಕೈಯಲ್ಲಿರುತ್ತದೆ.